ಐನೂರ ಅರವತ್ತು ಚೌಕ

ಮಂಗಳವಾರ ಮಧ್ಯಾಹ್ನ ಮನೆಗೆ ಬಂದ ಸೊಸೆ ಚಪ್ಪಲಿ ಬಿಡುವುದನ್ನೂ ಮರೆತು ನೇರ ಅಡುಗೆಮನೆಗೆ ನಡೆದಳು. ಅಲ್ಲಿ ಅವಳ ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು ಬಟಾಣಿ ಸುಲಿಯುತ್ತಿದ್ದಳು. ಮೊಮ್ಮಗಳು ಹುಟ್ಟಿದ ದಿನದಿಂದ ಈ ಅತ್ತೆಯನ್ನು ಮನೆಯವರೂ ಬೀದಿಯವರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಸೊಸೆಗೆ ಮಾತ್ರ ಇನ್ನೂ ಅತ್ತೆ.

"ಅತ್ತೆ, ಒಂದು ಕೆಲಸ ಒಪ್ಕೊಂಡು ಬಂದೆ."

"ಯಾರದು?"

"ಶಾಲೆ ಹಾಸ್ಟೆಲಿನದು. ಚಿಕ್ಕ ಮಕ್ಕಳಿಗೆ ಅಂತ ಹೊಸ ಕೋಣೆ ಮಾಡಿದಾರೆ. ಹದಿನಾರು ಹಾಸಿಗೆ, ಹದಿನಾರು ಕೌದಿ. ಬಟ್ಟೆ ಅವರೇ ಕೊಡ್ತಾರೆ. ಏಳು ವಾರ ಟೈಮಿದೆ, ಚಳಿ ಶುರುವಾಗೋ ಹೊತ್ತಿಗೆ ಮಕ್ಕಳು ಬರ್ತಾರಂತೆ."

ಅಜ್ಜಿಯ ಕೈ ನಿಂತಿತು. "ಹದಿನಾರಾ? ಎಂಥ ಕೌದಿ?"

ಸೊಸೆ ಚೀಲದಿಂದ ಮಾದರಿ ತೆಗೆದು ಬಟಾಣಿ ಸಿಪ್ಪೆಯ ಪಕ್ಕದಲ್ಲಿ ಹರಡಿದಳು. ಒಂದು ಗೇಣಗಲದ ಚೌಕ. ಅದರ ನಡುವೆ ಮೂಲೆಯ ಮೇಲೆ ನಿಂತ ಬಿಳಿ ಚೌಕ, ಅದರ ನಾಲ್ಕು ಮಗ್ಗುಲಿಗೆ ನಾಲ್ಕು ನೀಲಿ ತ್ರಿಕೋನ.

"ಒಂದು ಕೌದಿಗೆ ಇಂಥ ಮೂವತ್ತೈದು ಚೌಕ," ಎಂದಳು.

"ಮುಂದಿನ ಕೌದಿಗೆ?"

"ಇದೇ."

"ಅದರ ಮುಂದಿನದಕ್ಕೆ?"

"ಹದಿನಾರಕ್ಕೂ ಇದೇ, ಅತ್ತೆ. ವಾರ್ಡನ್ ಖಡಾಖಂಡಿತ ಹೇಳಿದಾರೆ. ಒಂದರಲ್ಲಿ ಹೂವಿದ್ದು ಇನ್ನೊಂದರಲ್ಲಿ ಇಲ್ಲ ಅಂದ್ರೆ ಮಕ್ಕಳು ಜುಟ್ಟು ಹಿಡ್ಕೊಂಡು ಹೊಡೆದಾಡ್ತಾರಂತೆ."

ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಐನೂರ ಅರವತ್ತು ಚೌಕ. ಎಲ್ಲಾ ಒಂದೇ. ನೋಡು ತಾಯಿ, ಇದು ಮನೆ. ಬಿಸ್ಕೆಟ್ ಕಾರ್ಖಾನೆ ಅಲ್ಲ. ನನ್ನನ್ನ ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ."

"ಅದಕ್ಕೇ ಕೇಳಲಿಲ್ಲ."

ಅಜ್ಜಿ ಬಟಾಣಿಯ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತಳು.

ಅವಳ ಸಿಟ್ಟಿಗೆ ಕಾರಣವಿತ್ತು. ನಲವತ್ತು ವರ್ಷದಲ್ಲಿ ಅಜ್ಜಿ ಒಂದರ ಹಾಗೆ ಇನ್ನೊಂದು ಕೌದಿ ಹೊಲಿದವಳಲ್ಲ. ಹಳೆಯ ಅಂಗಿ, ಪರದೆಯ ಚೂರು, ದರ್ಜಿ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು, ಯಾವುದು ಕೈಗೆ ಸಿಕ್ಕಿದರೂ ಅದನ್ನು ಎಲ್ಲಿ ಕೂರಿಸಬೇಕೆಂದು ಅವಳಿಗೆ ಗೊತ್ತಿತ್ತು. ಜನ ದೂರದಿಂದ ಅಜ್ಜಿಯ ಕೌದಿ ಕೇಳಿಕೊಂಡು ಬರುತ್ತಿದ್ದರು. ಹಾಗೆ ಬಂದವರಿಗೆ ಬಾಗಿಲು ತೆರೆದು ಕುರ್ಚಿ ಕೊಡುತ್ತಿದ್ದವಳು ಸೊಸೆ. ಹದಿನೆಂಟು ವರ್ಷದಿಂದ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಅಸ್ತರು ಕೊಟ್ಟು, ಅಂಚು ಕಟ್ಟಿದ್ದವಳೂ ಅವಳೇ. ಕೌದಿ ಮಾತ್ರ ಅಜ್ಜಿಯದು. ಈ ಸಲ ಮೊದಲ ಬಾರಿಗೆ ಒಬ್ಬರು ಅವಳ ಮುಖ ನೋಡಿ, "ನಿಮ್ಮಿಂದ ಆಗುತ್ತಾ?" ಎಂದು ಕೇಳಿದ್ದರು. ಆಗುತ್ತದೆ ಎಂದು ಅವಳು ಹೇಳಿ ಬಂದಿದ್ದಳು.

ಮಾರನೆಯ ದಿನ ನೀಲಿ ಮತ್ತು ಬಿಳಿ ಬಟ್ಟೆಯ ಎರಡು ದೊಡ್ಡ ಸುರುಳಿ ಬಂದಿಳಿದವು. ಅಜ್ಜಿ ಅವುಗಳನ್ನು ದಾಟಿಕೊಂಡು ಬಚ್ಚಲಿಗೆ ಹೋದಳು, ದಾಟಿಕೊಂಡು ಬಂದಳು. ಮುಟ್ಟಿ ನೋಡಲಿಲ್ಲ. ಹೊಲಿಗೆ ಯಂತ್ರ ಬಳಸಬೇಡ ಎಂದೂ ಹೇಳಲಿಲ್ಲ. ಬೇಡ ಎನ್ನಬೇಕಾದರೆ ಸೊಸೆಯೊಡನೆ ಮಾತಾಡಬೇಕಾಗುತ್ತಿತ್ತು.

ಮೊದಲ ದಿನ ಸೊಸೆ ಉತ್ಸಾಹದಿಂದ ಹನ್ನೆರಡು ಚೌಕ ಹೊಲಿದಳು. ಎರಡನೆಯ ದಿನ ಹದಿನೈದು. ಐದನೆಯ ದಿನದ ಹೊತ್ತಿಗೆ ಅವಳ ಕಣ್ಣು ಗಡಿಯಾರಕ್ಕೂ ಬಟ್ಟೆಗೂ ನಡುವೆ ಓಡಾಡತೊಡಗಿತು. ಬಿಳಿ ಇಡು, ನೀಲಿ ಇಡು, ಹೊಲಿ, ತಿರುಗಿಸು, ಇಸ್ತ್ರಿ ಒತ್ತು. ಮತ್ತೆ ಬಿಳಿ ಇಡು. ಅಡುಗೆಗೆ ಹೊತ್ತು ಸಾಲದೆ ದಿನಾ ಎಲೆಕೋಸು ಬೇಯಿಸಿದಳು, ಹೆಚ್ಚುವುದಕ್ಕೆ ಸುಲಭ ಎಂದು.

"ಇವತ್ತೂ ಎಲೆಕೋಸಾ?" ಎಂದು ಮಗಳು ತಟ್ಟೆ ನೋಡಿ ಕೇಳಿದಳು. ಹದಿನೇಳು ವರ್ಷದ ಹುಡುಗಿ. ಊಟ, ನಡಿಗೆ, ಮಾತು ಎಲ್ಲದರಲ್ಲೂ ಅವಸರ. ಮನೆಯಲ್ಲಿ ಅವಳನ್ನು ಗಡಿಬಿಡಿ ಎಂದು ಕರೆಯುತ್ತಿದ್ದರು. "ನಿನ್ನೆ ಎಲೆಕೋಸು, ಮೊನ್ನೆ ಎಲೆಕೋಸು. ಅಜ್ಜಿ, ಕಾರ್ಖಾನೆ ಅಡುಗೆಮನೆಗೂ ಬಂತು."

ಅಜ್ಜಿಗೆ ನಗು ಬಂತು. ಅದನ್ನು ನೀರು ಕುಡಿದು ನುಂಗಿದಳು.

"ಬೇಕಿದ್ರೆ ನೀನೇ ಮಾಡು. ಪರೀಕ್ಷೆ ಮುಗಿದು ಹತ್ತು ದಿನ ಆಯ್ತು," ಎಂದಳು ಸೊಸೆ.

"ನಾನು ರಜದಲ್ಲಿದ್ದೀನಮ್ಮ."

"ನಾನು ಯಾವಾಗ ರಜದಲ್ಲಿದ್ದೆ ಅಂತ ಹೇಳು ನೋಡೋಣ."

ಇಬ್ಬರ ನಡುವೆ ಕೂತಿದ್ದ ಸೊಸೆಯ ಗಂಡ ಇನ್ನೊಂದು ಸೌಟು ಎಲೆಕೋಸು ಬಡಿಸಿಕೊಂಡು, "ಚೆನ್ನಾಗಿದೆ," ಎಂದ. ಅವನು ಊರಿನ ಬಸ್ಸಿನ ಡ್ರೈವರ್. ತಾಯಿ ಒಂದು ಕಡೆ, ಹೆಂಡತಿ ಒಂದು ಕಡೆ ಇರುವ ಮನೆಯಲ್ಲಿ ಯಾವಾಗ ಬಾಯಿ ತುಂಬಿಕೊಂಡಿರಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತೊಂಬತ್ತನೆಯ ಚೌಕದ ಸುಮಾರಿಗೆ ಸೊಸೆ ಸಾಲಾಗಿ ನಾಲ್ಕು ತ್ರಿಕೋನಗಳನ್ನು ತಿರುಗುಮುರುಗಾಗಿ ಹೊಲಿದಳು. ಅದು ಗೊತ್ತಾದಾಗ ಎಲ್ಲವನ್ನೂ ಬುಟ್ಟಿಗೆ ಎಸೆದು ಮೆಟ್ಟಿಲ ಮೇಲೆ ಹೋಗಿ ಕೂತಳು. ಅಂದು ಬೆಳಗಿನ ಪಾಳಿ ಮುಗಿಸಿ ಬಂದ ಗಂಡ ಪಕ್ಕದಲ್ಲೇ ಕೂತು ಶೂ ಬಿಚ್ಚತೊಡಗಿದ.

"ರೀ, ನೀವು ಅದೇ ರಸ್ತೆಯಲ್ಲಿ ಎಷ್ಟು ವರ್ಷದಿಂದ ಓಡಿಸ್ತಿದ್ದೀರಿ?"

"ಹದಿನಾಲ್ಕು."

"ತಲೆ ಚಿಟ್ಟು ಹಿಡಿಯಲ್ವಾ?"

ಅವನು ಒಂದು ಶೂ ಕೈಯಲ್ಲಿ ಹಿಡಿದು ಯೋಚಿಸಿದ. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಮೊದಲೆರಡು ವರ್ಷ ಹಿಡೀತಿತ್ತು. ಆಗ ಒಬ್ಬ ಮುದುಕ ಬರ್ತಿದ್ದ, ಈಗಲೂ ಬರ್ತಾನೆ. ಹಲ್ಲಿನ ಡಾಕ್ಟರ ಕ್ಲಿನಿಕ್ ಹತ್ರ ಹತ್ತಿ ಫ್ಲಾಸ್ಕ್ ತೆಗೆದು ಬಸ್ಸು ಓಡ್ತಿರೋವಾಗಲೇ ಟೀ ಬಗ್ಗಿಸ್ಕೋತಾನೆ. ಒಂದು ದಿನ ನಾನು ಬ್ರೇಕ್ ಹಾಕಿದ್ದಕ್ಕೆ ಟೀ ಎಲ್ಲಾ ಅವನ ಪ್ಯಾಂಟಿನ ಮೇಲೆ. ನನ್ನನ್ನ ನೋಡಿದ, ಏನೂ ಅನ್ನಲಿಲ್ಲ. ಬೈದಿದ್ರೇ ಚೆನ್ನಾಗಿತ್ತು. ಮಾರನೇ ದಿನ ಆ ಟೀ ಚೆಲ್ಲಬಾರದು ಅಂತ ಓಡಿಸಿದೆ. ಚೆಲ್ಲಲಿಲ್ಲ. ಆಮೇಲೆ ಅದೇ ಅಭ್ಯಾಸ ಆಯ್ತು. ಒಂದು ದಿನ ತಿರುವು ಚೆನ್ನಾಗಿ ತಗೋಬೇಕು, ಇನ್ನೊಂದು ದಿನ ಸ್ಟಾಪಿನ ಫುಟ್‌ಪಾತ್ ಅಂಚಿಗೆ ಸರಿಯಾಗಿ ಬಾಗಿಲು ನಿಲ್ಲಿಸ್ಬೇಕು. ದಿನಕ್ಕೆ ಒಂದೇ. ಎಲ್ಲಾ ಒಟ್ಟಿಗೆ ಅಂದ್ರೆ ಆಗಲ್ಲ."

"ಇದನ್ನ ಹದಿನಾಲ್ಕು ವರ್ಷದಲ್ಲಿ ನನಗೆ ಹೇಳೇ ಇಲ್ಲ."

"ನೀನು ಕೇಳಲಿಲ್ಲ," ಎಂದು ಅವನು ಇನ್ನೊಂದು ಶೂ ಬಿಚ್ಚಿದ.

ಮರುದಿನ ಸೊಸೆ ಯಂತ್ರದ ಮುಂದೆ ಕೂತಾಗ ಒಂದೇ ಸಂಗತಿ ಹಿಡಿದಳು. ಬಿಳಿ ಚೌಕದ ನಾಲ್ಕು ಮೊನೆಗಳು ಮೊಂಡಾಗಬಾರದು. ಅಷ್ಟು ದಿನ ಆಕೆ ಮೊನೆಗಳನ್ನು ನೋಡಿರಲೇ ಇಲ್ಲ. ನೋಡಿದರೆ, ತೊಂಬತ್ತು ಚೌಕದಲ್ಲಿ ನಾಲ್ಕೂ ಮೊನೆ ಚೂಪಾಗಿದ್ದದ್ದು ಒಂಬತ್ತರಲ್ಲಿ ಮಾತ್ರ. ಆ ದಿನ ಹದಿನಾಲ್ಕು ಹೊಲಿದಳು, ಐದು ಸರಿ ಬಂದವು. ಮಾರನೆಯ ದಿನ ಒಂಬತ್ತು. ಅದರ ಮಾರನೆಯ ದಿನ ಇಸ್ತ್ರಿಯ ಸರದಿ. ಒತ್ತುವಾಗ ಬಟ್ಟೆಯನ್ನು ಎಳೆದರೆ ತ್ರಿಕೋನ ಸೊಟ್ಟಗಾಗುತ್ತದೆ, ಪೆಟ್ಟಿಗೆಯನ್ನು ಎತ್ತಿ ಇಟ್ಟರೆ ಆಗುವುದಿಲ್ಲ ಎಂಬುದನ್ನು ಹದಿನೆಂಟು ವರ್ಷ ಇಸ್ತ್ರಿ ಮಾಡಿದವಳು ಈಗ ಕಂಡುಕೊಂಡಳು. ತನಗೇ ನಾಚಿಕೆಯಾಯಿತು, ಖುಷಿಯೂ ಆಯಿತು. ಗಡಿಯಾರ ನೋಡುವುದು ಮರೆತುಹೋಗಿ ಅಂದು ಮನೆಯವರಿಗೆ ಎಲೆಕೋಸೂ ಸಿಗಲಿಲ್ಲ. ಬ್ರೆಡ್ಡು ಮೊಟ್ಟೆ ತಿಂದರು.

ಅಮ್ಮ ಒಬ್ಬಳೇ ಕೂತು ನಗುವುದನ್ನು ಕಂಡ ಗಡಿಬಿಡಿಗೆ ಕುತೂಹಲ ತಡೆಯಲಾಗಲಿಲ್ಲ.

"ನನಗೂ ಕೊಡಮ್ಮ. ಗಂಟೆಗೆ ಎಷ್ಟು ಹೊಲಿತೀಯಾ?"

"ಮೂರು."

"ನಾನು ಆರು ಹೊಲಿತೀನಿ."

ಅಂದಿನಿಂದ ಬೆಳಿಗ್ಗೆ ಅಮ್ಮ, ಮಧ್ಯಾಹ್ನ ಮಗಳು. ಹುಡುಗಿ ರೇಡಿಯೋ ಜೋರಾಗಿ ಹಾಕಿ, ಅಲಾರಂ ಇಟ್ಟುಕೊಂಡು, ತನ್ನ ಜೊತೆ ತಾನೇ ಪಂದ್ಯ ಕಟ್ಟಿ ಹೊಲಿದಳು. ಗಂಟೆಗೆ ಆರು, ಏಳು, ಒಂದು ದಿನ ಒಂಬತ್ತು. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ದಾಖಲೆ ಬರೆದಳು. ಅವಳಿಗೆ ಬೇಸರವಾಗದಂತೆ ಮಾಡುತ್ತಿದ್ದದ್ದು ಅದೇ.

ಒಳಕೋಣೆಯಲ್ಲಿ ಮಲಗಿದಂತೆ ನಟಿಸುತ್ತಿದ್ದ ಅಜ್ಜಿಗೆ ರೇಡಿಯೋ ತೊಂದರೆ ಕೊಡಲಿಲ್ಲ. ತೊಂದರೆ ಕೊಟ್ಟದ್ದು ಯಂತ್ರದ ಸದ್ದು. ಮೂರನೆಯ ವಾರದ ಒಂದು ಮಧ್ಯಾಹ್ನ ಅವಳು ಎದ್ದು ಬಂದು ಮೊಮ್ಮಗಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು.

"ಕೆಳಗಿನ ದಾರ ಸಡಿಲ ಆಗಿದೆ. ಮೂರು ದಿನದಿಂದ ಕಟಕಟ ಅಂತಿದೆ, ಇಬ್ಬರಿಗೂ ಕಿವಿ ಇಲ್ವಾ?" ಬಾಬಿನ್ ಬಿಚ್ಚಿ, ಊದಿ, ತಿರುಪು ತಿರುಗಿಸಿ ಕೊಟ್ಟಳು. ಹೋಗುವಾಗ ಮೇಜಿನ ಮೇಲಿದ್ದ ನೀಲಿ ಬಿಳಿ ತುಂಡುಗಳಿಂದ ಒಂದು ಹಿಡಿ ಎತ್ತಿಕೊಂಡು ಹೋದದ್ದನ್ನು ಗಡಿಬಿಡಿ ಕಂಡಳು. ಅಮ್ಮನಿಗೆ ಹೇಳಲಿಲ್ಲ. ದಿನಾ ಮಧ್ಯಾಹ್ನ ಒಂದು ಹಿಡಿ ತುಂಡು ಮಾಯವಾಗುತ್ತಾ ಹೋಯಿತು.

ಐದನೆಯ ವಾರದ ಭಾನುವಾರ ಚೌಕಗಳನ್ನು ಜೋಡಿಸಿ ನೋಡುವ ದಿನ. ಡ್ರೈವರ್ ಮಂಚ, ಕುರ್ಚಿಗಳನ್ನು ಗೋಡೆಗೆ ಸರಿಸಿ ನೆಲ ಖಾಲಿ ಮಾಡಿದ. ಐನೂರ ಅರವತ್ತಕ್ಕೆ ಎಪ್ಪತ್ತು ಕಡಿಮೆ ಇದೆ ಎಂದು ಸೊಸೆ ಹೇಳುತ್ತಿರುವಾಗಲೇ ಅಜ್ಜಿ ತನ್ನ ಟ್ರಂಕು ತೆರೆದು, ಸೀರೆಯಲ್ಲಿ ಸುತ್ತಿಟ್ಟ ಎಪ್ಪತ್ತು ಚೌಕ ತಂದು ಇಟ್ಟಳು. ಎಲ್ಲವೂ ಕೈಹೊಲಿಗೆ. ಎಳ್ಳು ಸಾಲಾಗಿ ಇಟ್ಟ ಹಾಗೆ.

ಸೊಸೆ ಒಂದನ್ನು ಎತ್ತಿ ಮಗುಚಿ ನೋಡಿದಳು. "ಅತ್ತೆ, ನೀವು ಮುಟ್ಟಲ್ಲ ಅಂದಿದ್ರಿ."

"ಮುಟ್ಟಲ್ಲ ಅಂತ ಎಲ್ಲಿ ಅಂದೆ? ಕಾರ್ಖಾನೆ ಅಂದೆ ಅಷ್ಟೇ. ಒಂದು ಹೊಲಿದು ನೋಡೋಣ ಅಂತ ಕೂತೆ. ಮೊದಲನೇದು ಸರಿ ಬರಲಿಲ್ಲ. ಸರಿ ಬರೋ ತನಕ ಬಿಡೋದು ಹೇಗೆ? ಇಡು, ಇಡು, ಜೋಡಿಸು."

ಮೂವರೂ ಮಂಡಿಯೂರಿ ಮೊದಲ ಕೌದಿ ಹಾಸಿದರು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ನಗು ನಿಂತಿತು. ಮೂಲೆಗೆ ಮೂಲೆ ಸೇರುತ್ತಿರಲಿಲ್ಲ. ಗಡಿಬಿಡಿಯ ಚೌಕ ಉಬ್ಬಿ ಪಕ್ಕದ್ದರ ಮೇಲೆ ಹತ್ತಿತ್ತು. ಅಜ್ಜಿಯದು ಎರಡೂ ಕಡೆ ಉಗುರಿನಷ್ಟು ಸಂದು ಬಿಟ್ಟಿತ್ತು.

ಸೊಸೆ ಟೇಪು ತಂದಳು. ಹುಡುಗಿ ಅವಸರದಲ್ಲಿ ಅಂಚಿನ ತೀರಾ ಹತ್ತಿರ ಹೊಲಿಗೆ ಹಾಕಿದ್ದಳು, ಚೌಕ ದೊಡ್ಡದಾಗಿತ್ತು. ಅಜ್ಜಿ ಗಟ್ಟಿಯಾಗಿರಲಿ ಎಂದು ಒಳಗೆ ಹೆಚ್ಚು ಬಟ್ಟೆ ಹಿಡಿದಿದ್ದಳು, ಚೌಕ ಚಿಕ್ಕದಾಗಿತ್ತು.

"ಬಿಚ್ಚಬೇಕು," ಎಂದಳು ಸೊಸೆ.

"ಎಷ್ಟು?" ಎಂದು ಕೇಳಿದ ಡ್ರೈವರ್.

"ಇವಳವು ಇನ್ನೂರ ಹತ್ತು. ಅತ್ತೆಯವು ಎಪ್ಪತ್ತು."

"ನನ್ನವು?" ಅಜ್ಜಿಯ ದನಿ ಏರಿತು. "ನನ್ನ ಹೊಲಿಗೆ ಬಿಚ್ಚೋದಾ? ನಲವತ್ತು ವರ್ಷದಲ್ಲಿ ನನ್ನ ಮುಂದೆ ಟೇಪು ಹಿಡಿದವರಿಲ್ಲ."

"ಅಂದಾಜಿನ ಮೇಲೆ ಹೊಲಿದ್ರೆ ಹೀಗೇ ಆಗೋದು, ಅತ್ತೆ. ನೀವು ಒಬ್ಬರೇ ಹೊಲಿಯೋವಾಗ ಅಂದಾಜು ನಡೀತಿತ್ತು. ಮೂರು ಜನ ಸೇರಿದಾಗ ನಡೆಯಲ್ಲ."

"ಹೋದ ತಿಂಗಳು ಮೊನೆ ನೋಡೋಕೆ ಕಲಿತವಳು ನನಗೆ ಪಾಠ ಹೇಳ್ತಾಳೆ."

"ನಾನು ಯಾರ ಹತ್ರ ಕಲೀಬೇಕಿತ್ತು? ಹದಿನೆಂಟು ವರ್ಷ ಅಂಚು ಕಟ್ಟಿಸಿದ್ರಿ. ಒಂದು ಚೌಕ ನನ್ನ ಕೈಗೆ ಕೊಟ್ರಾ?"

ಗಡಿಬಿಡಿ ರೇಡಿಯೋ ಆರಿಸಿದಳು. ಅಜ್ಜಿ ನೆಲಕ್ಕೆ ಕೈಯೂರಿ ಎದ್ದು ಒಳಗೆ ಹೋದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಡ್ರೈವರ್ ತಟ್ಟೆ ತೆಗೆದುಕೊಂಡು ಹೋಗಿ ಖಾಲಿ ತಟ್ಟೆ ತಂದ. ಹಸಿವಿತ್ತು, ಮಾತು ಬೇಡವಾಗಿತ್ತು ಅಷ್ಟೇ.

ಸೋಮವಾರ ಬೆಳಿಗ್ಗೆ ಸೊಸೆ ಹಾಲು ಕಾಯಿಸುತ್ತಿದ್ದಾಗ ಮುಂದಿನ ಕೋಣೆಯಿಂದ ಸದ್ದು ಕೇಳಿತು. ಇಣುಕಿದಳು. ಅಜ್ಜಿ ಕನ್ನಡಕ ಮೂಗಿನ ತುದಿಗೆ ಇಳಿಸಿ, ಮೊಮ್ಮಗಳ ನೋಟ್‌ಪುಸ್ತಕದ ರಟ್ಟನ್ನು ಚೌಕದ ಅಳತೆಗೆ ಕತ್ತರಿಸಿಕೊಂಡು, ಒಂದೊಂದೇ ಚೌಕದ ಮೇಲೆ ಇಟ್ಟು ನೋಡುತ್ತಿದ್ದಳು. ಸುತ್ತ ಐದಾರು ಗುಡ್ಡೆಗಳಿದ್ದವು.

"ಬಾ ಇಲ್ಲಿ," ಎಂದಳು ತಿರುಗದೆಯೇ. "ಇದು ಯಾರ ಹೊಲಿಗೆ?"

ಸೊಸೆ ನೋಡಿದಳು. "ನನ್ನದು."

"ನಿನ್ನದೇ. ಮೊದಲ ನೂರು ಸರಿ ಇದೆ. ಅಲ್ಲಿಂದ ಮುಂದೆ ನೋಡು, ಒಂದು ದಾರ ಕಮ್ಮಿ, ಎರಡು ದಾರ ಕಮ್ಮಿ. ಮೊನೆ ಚೂಪು ಮಾಡ್ತೀನಿ ಅಂತ ಒಳಕ್ಕೆ ಒಳಕ್ಕೆ ಹೋಗಿದ್ದೀಯ. ಕೊನೆಗೆ ಬರೋ ಹೊತ್ತಿಗೆ ನನ್ನದರಷ್ಟೇ ಚಿಕ್ಕದು." ಅಜ್ಜಿಯ ಮುಖದಲ್ಲಿ ಅಪರಿಮಿತ ಸಂತೋಷವಿತ್ತು. "ಟೇಪು ಹಿಡಿದವಳದ್ದೂ."

ಸೊಸೆ ರಟ್ಟನ್ನು ಕಸಿದುಕೊಂಡು ತಾನೇ ಇಟ್ಟು ನೋಡಿದಳು. ನಿಜ. ಇನ್ನೊಂದರ ಮೇಲೆ ಇಟ್ಟಳು. ಅದೂ ನಿಜ. ಅತ್ತೆಯ ಮುಖ ನೋಡಿದಳು. ನಗು ಮೊದಲು ಯಾರಿಗೆ ಬಂತೋ ಹೇಳುವುದು ಕಷ್ಟ. ಒಲೆಯ ಮೇಲೆ ಹಾಲು ಉಕ್ಕಿ ಹರಿದ ವಾಸನೆ ಬರುವವರೆಗೂ ಇಬ್ಬರೂ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಲ್ಲುಜ್ಜುತ್ತಾ ಬಂದ ಗಡಿಬಿಡಿ ಬಾಗಿಲಲ್ಲೇ ನಿಂತು, "ನಿನ್ನೆ ಜಗಳ ಆಡಿದ್ದು ನೀವೇ ತಾನೆ?" ಎಂದಳು.

"ಕೂತ್ಕೋ," ಎಂದು ಅಜ್ಜಿ ಸೊಸೆಗೆ ಹೇಳಿದಳು. "ಚೂರು ಬಟ್ಟೆಯಲ್ಲಿ ಹೊಲಿದವಳಿಗೆ ಗೊತ್ತಿರೋ ಒಂದು ವಿಷಯ ಹೇಳ್ತೀನಿ. ಎಲ್ಲಾ ಬಿಚ್ಚೋದು ಬೇಡ. ಚಿಕ್ಕದರ ಜೊತೆ ಚಿಕ್ಕದನ್ನ ಹಾಕು, ದೊಡ್ಡದರ ಜೊತೆ ದೊಡ್ಡದನ್ನ ಹಾಕು. ಒಂದು ಕೌದಿಯ ಒಳಗೆ ಎಲ್ಲಾ ಒಂದೇ ಅಳತೆ ಇದ್ರೆ ಮೂಲೆ ತಾನಾಗಿ ಕೂರುತ್ತೆ. ಚಿಕ್ಕ ಚೌಕದ ಕೌದಿಗೆ ಅಂಚು ಒಂದು ಬೆರಳು ಹೆಚ್ಚು ಇಡು, ದೊಡ್ಡದಕ್ಕೆ ಒಂದು ಬೆರಳು ಕಮ್ಮಿ. ಹಾಸಿದಾಗ ಹದಿನಾರೂ ಒಂದೇ ಉದ್ದ."

ಸೊಸೆ ಗುಡ್ಡೆಗಳನ್ನು ನೋಡಿದಳು. ಅವು ಸುಮ್ಮನೆ ಬಿದ್ದ ಗುಡ್ಡೆಗಳಲ್ಲ. ಅಜ್ಜಿ ಆಗಲೇ ವಿಂಗಡಿಸಿ ಮುಗಿಸಿದ್ದಳು.

"ಹಾಗಾದ್ರೆ ನನ್ನವು?" ಎಂದಳು ಗಡಿಬಿಡಿ.

"ನಿನ್ನದರಲ್ಲಿ ಐವತ್ತು ಅಂಚಿನ ಮೇಲೇ ಹೊಲಿದಿದ್ದೀಯ. ಒಂದು ಒಗೆತಕ್ಕೆ ಬಾಯಿ ಬಿಡುತ್ತೆ. ಅವು ಬಿಚ್ಚಲೇಬೇಕು."

"ಐವತ್ತನ್ನು ಎಷ್ಟು ಹೊತ್ತಲ್ಲಿ ಬಿಚ್ಚಬಹುದು ಅಂತ ನೋಡ್ತೀನಿ," ಎಂದು ಹುಡುಗಿ ಅಲಾರಂ ತರಲು ಹೊರಟಳು.

"ಅಲಾರಂ ಮುಟ್ಟಿದ್ರೆ ಕೈ ಮುರೀತೀನಿ," ಎಂದರು ಇಬ್ಬರೂ ಒಟ್ಟಿಗೆ.

ಉಳಿದ ಎರಡು ವಾರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿ ಸಾಲು ಇಟ್ಟುಕೊಟ್ಟಳು, ಸೊಸೆ ಯಂತ್ರದಲ್ಲಿ ಕೂಡಿಸಿದಳು. ಅಂಚಿನ ಅಗಲವನ್ನು ಪ್ರತಿ ಕೌದಿಗೂ ಸೊಸೆಯೇ ಅಳೆದು ಹೇಳಬೇಕಾಗಿತ್ತು, ಅಜ್ಜಿ ಕೇಳುತ್ತಿದ್ದಳು. "ಇದಕ್ಕೆ ಎಷ್ಟು?" "ಮೂರೂವರೆ ಇಂಚು." "ಮೂರೂಮುಕ್ಕಾಲು ಬೇಡ್ವಾ?" "ಬೇಡ, ಅತ್ತೆ." "ಸರಿ, ನಿನ್ನ ಕೆಲಸ, ನೀನು ಹೇಳಿದ ಹಾಗೆ." ಈ ಮಾತನ್ನು ಅಜ್ಜಿ ಎಷ್ಟು ಸಹಜವಾಗಿ ಹೇಳಿದಳೆಂದರೆ, ಸೊಸೆ ಕತ್ತರಿ ಹುಡುಕುವ ನೆಪದಲ್ಲಿ ಎದ್ದು ಹೋಗಿ ಕಣ್ಣೊರೆಸಿಕೊಂಡು ಬಂದಳು.

ಡ್ರೈವರ್ ಪಾಳಿ ಮುಗಿಸಿ ಬಂದು ಅಡುಗೆ ಮಾಡಿದ. ಅವನಿಗೆ ಬರುತ್ತಿದ್ದದ್ದು ಅನ್ನ ಮತ್ತು ಕುಂಬಳಕಾಯಿ. ಹನ್ನೊಂದು ದಿನ ಕುಂಬಳಕಾಯಿ ತಿಂದ ಮೇಲೆ ಗಡಿಬಿಡಿ, "ಎಲೆಕೋಸು ಎಷ್ಟು ಚೆನ್ನಾಗಿತ್ತು ಅಲ್ವಾ?" ಎಂದಳು.

"ನಾನು ದಿನಾ ಒಂದೊಂದು ವಿಷಯ ಸರಿ ಮಾಡ್ಕೋತಿದ್ದೀನಿ," ಎಂದ ಅಪ್ಪ. "ಇವತ್ತು ಉಪ್ಪು."

"ಹಾಗಾದ್ರೆ ನಾಳೆ ಖಾರ ಸರಿ ಮಾಡ್ಕೋ," ಎಂದಳು ಅಜ್ಜಿ ನೀರಿನ ಲೋಟಕ್ಕೆ ಕೈ ಚಾಚುತ್ತಾ.

ಏಳನೆಯ ವಾರದ ಶನಿವಾರ, ಡ್ರೈವರ್ ಗೆಳೆಯನಿಂದ ಕೇಳಿ ತಂದ ವ್ಯಾನಿನಲ್ಲಿ ಹದಿನಾರು ಕೌದಿಗಳನ್ನು ಹೇರಿದರು. ಅಜ್ಜಿ ಮನೆಯಲ್ಲೇ ಇರುತ್ತೇನೆಂದು ಹೇಳಿ, ಎಲ್ಲರಿಗಿಂತ ಮೊದಲು ಒಗೆದ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು.

ಹಾಸ್ಟೆಲಿನ ಹೊಸ ಕೋಣೆಯಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಎರಡು ಸಾಲು ಕಬ್ಬಿಣದ ಮಂಚ. ವಾರ್ಡನ್ ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಸೊಸೆ, ಗಡಿಬಿಡಿ ಸೇರಿ ಒಂದೊಂದೇ ಕೌದಿ ಹಾಸುತ್ತಾ ಹೋದಂತೆ ಆಕೆ ಹಿಂದೆಯೇ ಬಂದು ತುದಿ ಎತ್ತಿ, ಹೊಲಿಗೆ ಜಗ್ಗಿ ನೋಡಿದಳು. ಹದಿನಾರು ಹಾಸಿ ಮುಗಿದಾಗ ಕೋಣೆಯ ಬಾಗಿಲಿಗೆ ಹೋಗಿ ನಿಂತು ಉದ್ದಕ್ಕೂ ಕಣ್ಣು ಹಾಯಿಸಿದಳು. ಸೊಸೆ ಹತ್ತಿರದ ಕೌದಿಯ ಅಂಚನ್ನು ಇನ್ನೊಮ್ಮೆ ನೇರ ಮಾಡಿದಳು.

"ಮೇಲಿನ ಮಹಡಿಯಲ್ಲಿ ದೊಡ್ಡ ಮಕ್ಕಳ ಕೋಣೆ ಇದೆ," ಎಂದಳು ವಾರ್ಡನ್. "ಅಲ್ಲಿ ಇಪ್ಪತ್ತನಾಲ್ಕು ಮಂಚ. ನಿಮಗೆ ಪುರುಸೊತ್ತಿದೆಯಾ?"

ಸೊಸೆ ಅಜ್ಜಿಯ ಕಡೆ ತಿರುಗಿದಳು, ಕೇಳೋಣವೆಂದು. ಅಜ್ಜಿ ಪಕ್ಕದಲ್ಲಿರಲಿಲ್ಲ, ಆಗಲೇ ಕೋಣೆಯ ಆ ತುದಿಗೆ ಹೋಗಿದ್ದಳು.

ಅಂದು ಬೆಳಿಗ್ಗೆಯೇ ಒಂದು ಮಗು ಬಂದಿತ್ತು, ಉಳಿದವರಿಗಿಂತ ಮೊದಲು. ಆರು ವರ್ಷದ ಹುಡುಗಿ. ಬಿಟ್ಟುಹೋದವರು ಹೋಗಿ ಎರಡು ಗಂಟೆಯಾಗಿತ್ತು. ಚೀಲವನ್ನು ಎದೆಗೆ ಅವುಚಿಕೊಂಡು ಕಿಟಕಿಯ ಬಳಿಯ ಕೊನೆಯ ಮಂಚದ ತುದಿಯಲ್ಲಿ ಕೂತು ಸದ್ದಿಲ್ಲದೆ ಅಳುತ್ತಿತ್ತು. ಆಯಾ ಬಿಸ್ಕೆಟ್ ಕೊಟ್ಟರೆ ತೆಗೆದುಕೊಂಡಿರಲಿಲ್ಲ, ಗೊಂಬೆ ಕೊಟ್ಟರೆ ನೋಡಿರಲಿಲ್ಲ. ಅಜ್ಜಿ ಹೋಗಿ ಪಕ್ಕದಲ್ಲಿ ಕೂತಿದ್ದಳು. ಏನೂ ಸಮಾಧಾನ ಹೇಳಲಿಲ್ಲ. ಕೌದಿಯ ಮೂಲೆಯ ಚೌಕದ ಮೇಲೆ ಬೆರಳಿಟ್ಟು, "ಒಂದು," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಪಕ್ಕದ್ದರ ಮೇಲಿಟ್ಟು, "ಎರಡು."

ಸೊಸೆ ಅಲ್ಲಿಗೆ ಬರುವ ಹೊತ್ತಿಗೆ ಎಣಿಸುತ್ತಿದ್ದದ್ದು ಮಗು. ಚೀಲ ಮಂಚದ ಕೆಳಗಿತ್ತು. ಕೆನ್ನೆ ಇನ್ನೂ ಒದ್ದೆ. ಪುಟ್ಟ ಬೆರಳು ಬಿಳಿಯ ಮೊನೆಯಿಂದ ಮೊನೆಗೆ ಹೋಗಿ, ಪ್ರತಿ ಚೌಕದಲ್ಲಿ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು.

"ಇಪ್ಪತ್ತೈದು. ಇಪ್ಪತ್ತೇಳು."

"ನಡುವೆ ಒಬ್ಬರನ್ನ ಬಿಟ್ಟುಬಿಟ್ಟೆ," ಎಂದಳು ಅಜ್ಜಿ.

ಮಗು ಹಿಂದೆ ಬಂದು, ಬೆರಳು ಸರಿಯಾಗಿ ಊರಿ, "ಇಪ್ಪತ್ತಾರು," ಎಂದಿತು.

ಹೊರಗೆ ಡ್ರೈವರ್ ವ್ಯಾನಿನ ಹಾರ್ನ್ ಒತ್ತಿದ. ಸೊಸೆ ಮೆಲ್ಲಗೆ ಬಗ್ಗಿ, "ಅತ್ತೆ, ಹೊರಡೋಣ್ವಾ?" ಎಂದಳು.

"ಇರು," ಎಂದಳು ಅಜ್ಜಿ, ಕೌದಿಯಿಂದ ಕಣ್ಣು ತೆಗೆಯದೆ. "ಇನ್ನೂ ಒಂಬತ್ತು ಇದೆ."